ವಾರ್ಡಿನಲ್ಲಿರುವ ಹದಿಹರೆಯಕ್ಕೆ ಜೊತೆ ಯಾರು?
ಪುಣೆಯ ಆಸ್ಪತ್ರೆಗಳಿಗೆ ಮಕ್ಕಳನ್ನು ಕರೆತರುವ ಕನ್ನಡ ಕುಟುಂಬಗಳಿಗೆ

ಹದಿನಾಲ್ಕರ ಹುಡುಗನನ್ನು ಆಸ್ಪತ್ರೆಯ ಯಾವ ವಾರ್ಡಿನಲ್ಲಿ ಮಲಗಿಸಬೇಕು? ಹದಿನೆಂಟರವರೆಗೆ ಮಕ್ಕಳ ವೈದ್ಯರೇ ನೋಡಿಕೊಳ್ಳಲಿ ಎನ್ನುತ್ತದೆ ಭಾರತೀಯ ಮಕ್ಕಳ ವೈದ್ಯರ ಅಕಾಡೆಮಿ. ಆದರೆ ಅನೇಕ ಸರಕಾರಿ ಆಸ್ಪತ್ರೆಗಳಲ್ಲಿ ಹನ್ನೆರಡು ದಾಟಿದವರು ದೊಡ್ಡವರ ವಾರ್ಡಿಗೆ ಹೋಗುವುದೇ ರೂಢಿ. ಮಕ್ಕಳ ವಾರ್ಡಿನಲ್ಲಿ ಉಳಿದರೆ ಸುತ್ತ ಗೋಡೆಯ ಮೇಲೆ ಕರಡಿ, ಚಿಟ್ಟೆ, ಪಕ್ಕದಲ್ಲಿ ಅಳುವ ಕೂಸು. ದೊಡ್ಡವರ ವಾರ್ಡಿಗೆ ಹೋದರೆ ಒಂದು ಬದಿಗೆ ಪಾರ್ಶ್ವವಾಯುವಾದ ಅಜ್ಜ, ಇನ್ನೊಂದು ಬದಿಗೆ ರಾತ್ರಿಯಿಡೀ ನರಳುವ ಗೃಹಸ್ಥ. ಮೀಸೆ ಚಿಗುರುವ ವಯಸ್ಸಿನವರಿಗೆ ಎರಡೂ ಕಡೆ ಜಾಗವಿಲ್ಲ.

ಈ ಕೊರತೆಯನ್ನು ಕೆಲವು ದೇಶಗಳು ಬೇಗ ಗುರುತಿಸಿದವು. ಲಂಡನ್ನಿನ ಮಿಡ್ಲ್‌ಸೆಕ್ಸ್ ಆಸ್ಪತ್ರೆಯಲ್ಲಿ 1990ರಲ್ಲಿ ಟೀನೇಜ್ ಕ್ಯಾನ್ಸರ್ ಟ್ರಸ್ಟ್ ಹದಿಹರೆಯದವರಿಗೆಂದೇ ಮೊದಲ ಕ್ಯಾನ್ಸರ್ ವಾರ್ಡ್ ತೆರೆಯಿತು. ಈಗ ಬ್ರಿಟನ್ನಿನ ಹಲವು ಆಸ್ಪತ್ರೆಗಳಲ್ಲಿ ಯುವಜನ ಕಾರ್ಯಕರ್ತರು ಇದ್ದಾರೆ. ಅವರು ಔಷಧ ಕೊಡುವವರಲ್ಲ, ಸೂಜಿ ಚುಚ್ಚುವವರಲ್ಲ. ಹುಡುಗನ ಜೊತೆ ಕೂತು ಶಾಲೆ, ಗೆಳೆತನ, ಭಯ, ಬೇಸರ, ಮುಂದಿನ ವರ್ಷದ ಯೋಚನೆ ಎಲ್ಲದಕ್ಕೂ ಕಿವಿಯಾಗುತ್ತಾರೆ. ಡಾಕ್ಟರಿಗೆ ಏನು ಕೇಳಬೇಕೆಂದು ಹುಡುಗಿಗೆ ಧೈರ್ಯ ತುಂಬುತ್ತಾರೆ. ಪುಣೆಯ ಆಸ್ಪತ್ರೆಗಳಲ್ಲಿ ಈ ಹುದ್ದೆಯ ಫಲಕ ನಿಮಗೆ ಸಿಗುವುದು ಕಷ್ಟ. ಆದರೆ ಆ ಕೆಲಸದ ತುಂಡುಗಳನ್ನು ಮಾಡುವವರು ಇಲ್ಲಿ ಬೇರೆ ಬೇರೆ ಕೋಣೆಗಳಲ್ಲಿ ಕೂತಿದ್ದಾರೆ. ಅವರನ್ನು ಹುಡುಕಿ ಒಟ್ಟು ಮಾಡುವ ಕೆಲಸ ಮನೆಯವರದ್ದು. ಅದನ್ನು ಹೇಗೆ ಮಾಡಬಹುದೆಂದು ಹೇಳುವುದಕ್ಕೇ ಈ ಲೇಖನ.

ಮೊದಲು ಹೋಗಬೇಕಾದ ಮೇಜು

ಪುಣೆಗೆ ಚಿಕಿತ್ಸೆಗೆಂದು ಬರುವ ಕನ್ನಡಿಗರಲ್ಲಿ ಅಕ್ಕಲಕೋಟೆ, ಜತ್ತ, ದಕ್ಷಿಣ ಸೊಲ್ಲಾಪುರದ ಹಳ್ಳಿಯವರಿದ್ದಾರೆ. ಬೆಳಗಾವಿ, ವಿಜಯಪುರ, ಕಲಬುರಗಿಯಿಂದ ಬಸ್ಸು, ರೈಲು ಹತ್ತಿ ಬರುವವರಿದ್ದಾರೆ. ಇಲ್ಲೇ ಕಟ್ಟಡ ಕೆಲಸಕ್ಕೆ ಬಂದು ಶೆಡ್ಡಿನಲ್ಲಿ ಸಂಸಾರ ಹೂಡಿದವರಿದ್ದಾರೆ. 1867ರಲ್ಲಿ ಡೇವಿಡ್ ಸಸೂನ್ ಅವರ ದೇಣಿಗೆಯಿಂದ ಕಟ್ಟಿದ ಸಸೂನ್ ಆಸ್ಪತ್ರೆಗೆ ಹೋಗಲಿ, ರಾಸ್ತಾ ಪೇಠೆಯ ಕೆಇಎಂಗೆ ಹೋಗಲಿ, ಎರಂಡವಣೆಯ ದೀನಾನಾಥ ಮಂಗೇಶಕರ್ ಆಸ್ಪತ್ರೆಗೆ ಹೋಗಲಿ, ಕೇಸ್ ಪೇಪರ್ ಮಾಡಿಸಿದ ದಿನವೇ ಸಮಾಜಸೇವಾ ವಿಭಾಗ ಎಲ್ಲಿದೆ ಎಂದು ಕೇಳಿಕೊಳ್ಳಿ. ಸರಕಾರಿ ಆಸ್ಪತ್ರೆಯಲ್ಲಿ ಅಲ್ಲಿರುವವರಿಗೆ ಸಮಾಜಸೇವಾ ಅಧೀಕ್ಷಕ ಎನ್ನುತ್ತಾರೆ. ಟ್ರಸ್ಟ್ ಆಸ್ಪತ್ರೆಯಲ್ಲಿ ಮೆಡಿಕಲ್ ಸೋಶಿಯಲ್ ವರ್ಕರ್. ಎಲ್ಲಿ ಎಂದು ಗೊತ್ತಾಗದಿದ್ದರೆ ವಾರ್ಡಿನ ಮಾವಶಿಯನ್ನೋ ಮಾಮಾನನ್ನೋ ಕೇಳಿ. ಪುಣೆಯಲ್ಲಿ ವಾರ್ಡಿನ ಸಹಾಯಕರನ್ನು ಹಾಗೇ ಕರೆಯುತ್ತಾರೆ, ಕಟ್ಟಡದ ಮೂಲೆ ಮೂಲೆ ಅವರಿಗೆ ಗೊತ್ತು.

ಬಹಳ ಮನೆಯವರು ಈ ಮೇಜಿಗೆ ಹೋಗುವುದು ದುಡ್ಡಿಗೆ. ಅದೂ ಬೇಕಾದದ್ದೇ. ಮಹಾರಾಷ್ಟ್ರದ ಸಾರ್ವಜನಿಕ ಟ್ರಸ್ಟ್ ಕಾಯ್ದೆಯ 41ಎಎ ಕಲಮಿನಡಿ ಧರ್ಮಾದಾಯ ಆಸ್ಪತ್ರೆಗಳು ಶೇ. 10ರಷ್ಟು ಹಾಸಿಗೆಗಳನ್ನು ನಿರ್ಗತಿಕರಿಗೆ ಉಚಿತವಾಗಿ, ಇನ್ನೂ ಶೇ. 10ರಷ್ಟನ್ನು ದುರ್ಬಲ ವರ್ಗದವರಿಗೆ ರಿಯಾಯಿತಿ ದರದಲ್ಲಿ ಇಡಬೇಕು, ಬಿಲ್ಲಿನ ಶೇ. 2ರಷ್ಟು ಹಣವನ್ನು ಅದಕ್ಕೆಂದೇ ಬೇರೆ ನಿಧಿಯಲ್ಲಿ ಹಾಕಬೇಕು. ರೇಶನ್ ಕಾರ್ಡು, ತಹಶೀಲ್ದಾರರ ಆದಾಯ ಪತ್ರ, ಆಧಾರ್ ತನ್ನಿ. ಕಾಗದ ಕರ್ನಾಟಕದ್ದಾಗಿದ್ದರೆ ಅದು ನಡೆಯುತ್ತದೆಯೇ ಎಂದು ದಾಖಲಾಗುವ ಮೊದಲೇ ಕೇಳಿ. ಆಯುಷ್ಮಾನ್ ಕಾರ್ಡ್ ಇದ್ದವರು ಅದರ ಕೌಂಟರಿಗೂ ಹೋಗಿ ವಿಚಾರಿಸಬೇಕು.

ದುಡ್ಡಿನ ಮಾತು ಮುಗಿದ ಮೇಲೆ ಎದ್ದು ಬಂದುಬಿಡಬೇಡಿ. ಆ ಕುರ್ಚಿಯಲ್ಲಿರುವವರು ಕಲಿತದ್ದು ಬರೀ ಫಾರ್ಮು ತುಂಬಿಸುವುದನ್ನಲ್ಲ. 1963ರಿಂದ ಪುಣೆಯಲ್ಲಿರುವ ಕರ್ವೆ ಸಮಾಜಸೇವಾ ಸಂಸ್ಥೆಯಂಥ ಕಡೆ ವೈದ್ಯಕೀಯ ಮತ್ತು ಮನೋವೈದ್ಯಕೀಯ ಸಮಾಜಕಾರ್ಯ ಒಂದು ವಿಶೇಷ ಓದು. ಅಲ್ಲಿನ ವಿದ್ಯಾರ್ಥಿಗಳು ಕ್ಷೇತ್ರಕಾರ್ಯಕ್ಕೆಂದು ಆಸ್ಪತ್ರೆಗಳಿಗೂ ಬರುತ್ತಾರೆ. ಇಪ್ಪತ್ತೆರಡು, ಇಪ್ಪತ್ತಮೂರರ ಆ ಹುಡುಗ ಹುಡುಗಿಯರೇ ನಿಮ್ಮ ಮಗನಿಗೆ ಸಿಗಬಹುದಾದ ಹತ್ತಿರದ ಯುವಜನ ಕಾರ್ಯಕರ್ತರು. ಹೀಗೆ ಕೇಳಿ: “ನಮ್ಮ ಹುಡುಗನ ಜೊತಿ ದಿನಾ ಸ್ವಲ್ಪ ಹೊತ್ತು ಕೂತು ಮಾತಾಡೋರು ಯಾರರ ಅದಾರೇನ್ರಿ? ನಾವ್ ಹೊರಗ ಇರ್ತೀವಿ.” ಕೊನೆಯ ಮಾತು ಮುಖ್ಯ.

ಏಕೆಂದರೆ ಹದಿಹರೆಯದವರು ಅಪ್ಪ ಅವ್ವನ ಮುಂದೆ ಹೇಳದ್ದು ಬಹಳ ಇರುತ್ತದೆ. ಕೂದಲು ಉದುರಿದ ಮೇಲೆ ಯಾರಿಗೂ ಮುಖ ತೋರಿಸಬಾರದೆನ್ನಿಸುವುದು, ಮುಟ್ಟು ನಿಂತ ಭಯ, ಕದ್ದು ಸೇದಿದ ಸಿಗರೇಟು, ಪ್ರೀತಿಸಿದವಳು ಫೋನ್ ಎತ್ತದ ಸಂಕಟ, ಮನೆಯ ಎಮ್ಮೆ ಮಾರಿ ನನಗೆ ಔಷಧ ತಂದರು ಎಂಬ ತಪ್ಪಿತಸ್ಥ ಭಾವ. ಒಳ್ಳೆಯ ವೈದ್ಯರು ಮನೆ, ಓದು, ಗೆಳೆಯರು, ಚಟ, ದೇಹ, ಮನಸ್ಸು ಎಂದು ಒಂದೊಂದಾಗಿ ಕೇಳುವುದು ಮನೆಯವರನ್ನು ಹೊರಗೆ ಕಳಿಸಿದ ಮೇಲೇ. ಅದನ್ನು ಅವಮಾನವೆಂದು ತಿಳಿಯಬೇಡಿ. ಜೀವಕ್ಕೆ ಅಪಾಯವಿದೆ ಅಥವಾ ಯಾರೋ ಹಿಂಸಿಸಿದ್ದಾರೆ ಎಂದು ಕಂಡರೆ ಅವರು ಆ ಗುಟ್ಟನ್ನು ತಮ್ಮಲ್ಲೇ ಇಟ್ಟುಕೊಳ್ಳುವುದಿಲ್ಲ, ಮಗುವಿಗೂ ಅದನ್ನು ಮೊದಲೇ ಹೇಳಿರಬೇಕು.

ರೋಗಿಯೇ ದುಭಾಷಿಯಾದಾಗ

ಪುಣೆಗೆ ಬರುವ ನಮ್ಮ ಕುಟುಂಬಗಳಲ್ಲಿ ಎಲ್ಲಕ್ಕಿಂತ ಹೆಚ್ಚು ನೋಯಿಸುವ ಸಂಗತಿಯೆಂದು ನನಗೆ ತೋರುವುದು ಇದು. ಅವ್ವನಿಗೆ ಕನ್ನಡ ಬಿಟ್ಟು ಬೇರೆ ಬಾರದು. ಅಪ್ಪನಿಗೆ ಮುರುಕು ಹಿಂದಿ. ಶಾಲೆಗೆ ಹೋದ ಹುಡುಗಿಗೆ ಹಿಂದಿ, ಇಂಗ್ಲಿಷು ಎರಡೂ ಗೊತ್ತು, ಅಕ್ಕಲಕೋಟೆ ಕಡೆಯವಳಾದರೆ ಮರಾಠಿಯೂ. ರೌಂಡ್ಸಿಗೆ ಬಂದ ಡಾಕ್ಟರು ಗಡಿಬಿಡಿಯಲ್ಲಿ ಅವಳಿಗೇ ಹೇಳುತ್ತಾರೆ: ನಿಮ್ಮಮ್ಮನಿಗೆ ಹೇಳು, ಗಡ್ಡೆ ಹರಡಿದೆ. ತನ್ನ ರೋಗದ ಸುದ್ದಿಯನ್ನು ಮೊದಲು ತಾನೇ ಕೇಳಿ, ನುಂಗಿ, ಮೆತ್ತಗೆ ಮಾಡಿ ಅವ್ವನಿಗೆ ದಾಟಿಸುವ ಹೊರೆ ಹದಿನೈದರ ಹೆಗಲಿಗೆ ಬೀಳುತ್ತದೆ. ಅವ್ವ ಅತ್ತರೆ ಸಮಾಧಾನ ಮಾಡುವವಳೂ ಅವಳೇ. ಎಷ್ಟೋ ಮಕ್ಕಳು ಅರ್ಧ ಹೇಳಿ ಅರ್ಧ ಬಚ್ಚಿಡುತ್ತಾರೆ. ಆಗ ಮನೆಯವರು ಸಹಿ ಹಾಕುವ ಒಪ್ಪಿಗೆ ಪತ್ರಕ್ಕೂ ಅರ್ಥವಿರುವುದಿಲ್ಲ.

ಇದರ ತಿರುವುಮುರುವೂ ಇದೆ. ಊರಿನಿಂದ ಜೊತೆಗೆ ಬಂದ ಕಾಕಾ ಮರಾಠಿ ಬಲ್ಲವರು, ಎಲ್ಲವನ್ನೂ ಅವರೇ ಮಾತಾಡುತ್ತಾರೆ. “ನೀ ಸುಮ್ಮನಿರಪಾ, ನಿನಗೇನೂ ಆಗಿಲ್ಲ” ಎಂದು ಹುಡುಗನ ಬೆನ್ನು ತಟ್ಟುತ್ತಾರೆ. ಹುಡುಗ ರಾತ್ರಿ ಫೋನಿನಲ್ಲಿ ಮಾತ್ರೆಯ ಹೆಸರು ಹೊಡೆದು ಹುಡುಕಿ, ಒಬ್ಬನೇ ಎಲ್ಲವನ್ನೂ ತಿಳಿದುಕೊಂಡು, ಬೆಳಿಗ್ಗೆ ಏನೂ ಗೊತ್ತಿಲ್ಲದವನಂತೆ ಚಹಾ ಕುಡಿಯುತ್ತಾನೆ.

ಎರಡಕ್ಕೂ ಪರಿಹಾರ ಒಂದೇ. ದೊಡ್ಡ ಸುದ್ದಿ ಹೇಳುವ ದಿನ ಕನ್ನಡ ಬಲ್ಲ ಮೂರನೆಯವರೊಬ್ಬರು ಇರಲಿ. ಕನ್ನಡ ಬಲ್ಲ ಸಿಸ್ಟರ್, ಕಿರಿಯ ಡಾಕ್ಟರ್, ತಂತ್ರಜ್ಞರು ಯಾರಾದರೂ ಇದ್ದಾರೆಯೇ ಎಂದು ನರ್ಸಿಂಗ್ ಮೇಜಿನಲ್ಲಿ ವಿಚಾರಿಸಿ. ಸಿಗದಿದ್ದರೆ ಪುಣೆ ಕನ್ನಡ ಸಂಘವನ್ನೋ, ಸಂಘ ನಡೆಸುವ ಡಾ. ಕಲ್ಮಾಡಿ ಶಾಮರಾವ್ ಶಾಲೆಯನ್ನೋ ಸಂಪರ್ಕಿಸಿ, ವೈದ್ಯರ ಮಾತನ್ನು ತಿಳಿಸಿ ಹೇಳಬಲ್ಲವರು ಯಾರಾದರೂ ಅರ್ಧ ಗಂಟೆ ಬರುತ್ತಾರೆಯೇ ಎಂದು ಕೇಳಿ. ಫೋನಿನ ಸ್ಪೀಕರಿನಲ್ಲಾದರೂ ಆದೀತು. ಹದಿನೆಂಟು ತುಂಬಿದವರ ಒಪ್ಪಿಗೆಗೆ ಅವರದೇ ಸಹಿ ಬೇಕು ಎಂಬುದನ್ನು ಕಾಕಾ, ಮಾವಂದಿರು ನೆನಪಿಡಬೇಕು. ಅದಕ್ಕಿಂತ ಚಿಕ್ಕವರ ಪರವಾಗಿ ಸಹಿ ಹಾಕುವವರು ಅಪ್ಪ ಅವ್ವ, ಆದರೂ ಕೈಯಲ್ಲಿ ಸೂಜಿ ಚುಚ್ಚಿಸಿಕೊಳ್ಳುವುದು ಆ ಮಗುವೇ. ಏನು ನಡೆಯುತ್ತಿದೆ ಎಂದು ಅದಕ್ಕೆ ತಿಳಿಯುವ ಮಾತಿನಲ್ಲಿ ಹೇಳಿರೆಂದು ವೈದ್ಯರಿಗೆ ನೀವೇ ವಿನಂತಿಸಿ. ರೌಂಡ್ಸಿಗೆ ಮೊದಲು ಅವನಿಗೊಂದು ನೋಟ್‌ಬುಕ್ ಕೊಟ್ಟು ಮೂರು ಪ್ರಶ್ನೆ ಬರೆಸಿ. ಒಂದು ಪ್ರಶ್ನೆಯನ್ನಾದರೂ ಅವನ ಬಾಯಿಂದಲೇ ಕೇಳಿಸಿ.

ಓದು ನಿಂತರೆ

ಹಾಸಿಗೆ ಹಿಡಿದ ಎರಡನೆಯ ವಾರಕ್ಕೇ ಹುಡುಗರನ್ನು ಕಾಡುವುದು ವರ್ಷ ಹೋಯಿತು ಎಂಬ ಚಿಂತೆ. ಮನೆಯವರು “ಜೀವ ಉಳಿದರ ಸಾಕು, ಸಾಲಿ ಏನ್ ಓಡಿಹೋಗತೈತಿ” ಎನ್ನುತ್ತಾರೆ, ಪ್ರೀತಿಯಿಂದಲೇ. ಹುಡುಗನಿಗೆ ಕೇಳಿಸುವುದು ಬೇರೆ: ನಿನ್ನ ಮುಂದಿನ ಬದುಕಿನ ಲೆಕ್ಕ ನಿಂತಿದೆ. ದಿನಕ್ಕೆ ಒಂದು ಪುಟ ಓದಿದರೂ ಅವನು ರೋಗಿಯಾಗಿರುವುದರ ಜೊತೆಗೆ ವಿದ್ಯಾರ್ಥಿಯೂ ಆಗಿ ಉಳಿಯುತ್ತಾನೆ.

ದಾರಿಗಳು ಇವೆ. ಕರ್ನಾಟಕದಲ್ಲಿ 2023-24ರಿಂದ ಎಸ್ಸೆಸ್ಸೆಲ್ಸಿ ಮತ್ತು ದ್ವಿತೀಯ ಪಿಯುಸಿಗೆ ವರ್ಷಕ್ಕೆ ಒಂದಕ್ಕಿಂತ ಹೆಚ್ಚು ಪರೀಕ್ಷೆಗಳ ಪದ್ಧತಿ ಬಂದಿದೆ. ಮೊದಲನೆಯದು ಕೀಮೊ ನಡುವೆ ಬಂದರೆ ಎರಡನೆಯದು ಕೈಗೆಟುಕೀತು; ಹಾಜರಿಯ ವಿಷಯದಲ್ಲಿ ಮಾತ್ರ ಆಸ್ಪತ್ರೆಯ ಪತ್ರ ಹಿಡಿದು ಮುಖ್ಯೋಪಾಧ್ಯಾಯರನ್ನು ಬೇಗ ಕಾಣಬೇಕು, ಪರೀಕ್ಷೆಯ ಹಿಂದಿನ ವಾರವಲ್ಲ. ಮಹಾರಾಷ್ಟ್ರದ ಹತ್ತು, ಹನ್ನೆರಡನೆಯ ತರಗತಿಯವರಿಗೆ ಪೂರಕ ಪರೀಕ್ಷೆ ಇದೆ, ಶಾಲೆಗೆ ಹೋಗಲಾಗದವರಿಗೆ 17ನೇ ನಂಬರ್ ಫಾರ್ಮಿನ ಖಾಸಗಿ ದಾರಿ ಇದೆ. ಮಹಾರಾಷ್ಟ್ರದ ಪರೀಕ್ಷಾ ಮಂಡಳಿಯ ಕಚೇರಿ ಪುಣೆಯ ಶಿವಾಜಿನಗರದಲ್ಲೇ ಇದೆ. ರಾಷ್ಟ್ರೀಯ ಮುಕ್ತ ಶಾಲೆಯೂ ಉಂಟು.

ಗಡಿಯ ಕನ್ನಡ ಶಾಲೆಗಳ ಮಕ್ಕಳಿಗೊಂದು ಅನುಕೂಲವಿದೆ, ಬಹಳ ಜನರಿಗೆ ತಿಳಿಯದು. ಅಕ್ಕಲಕೋಟೆ, ಜತ್ತದ ಕನ್ನಡ ಮಾಧ್ಯಮದ ಪಠ್ಯಪುಸ್ತಕಗಳನ್ನು ತಯಾರಿಸುವ, 1967ರಲ್ಲಿ ಸ್ಥಾಪನೆಯಾದ ಬಾಲಭಾರತಿ ಇರುವುದು ಪುಣೆಯ ಸೇನಾಪತಿ ಬಾಪಟ್ ರಸ್ತೆಯಲ್ಲಿ. ಪುಸ್ತಕ ಊರಲ್ಲೇ ಉಳಿದಿದ್ದರೆ ಬಾಲಭಾರತಿಯ ಜಾಲತಾಣದಿಂದ ಪಿಡಿಎಫ್ ಇಳಿಸಿಕೊಳ್ಳಬಹುದು. ಕರ್ನಾಟಕದ ಪಠ್ಯಗಳೂ ಹಾಗೇ ಪಠ್ಯಪುಸ್ತಕ ಸಂಘದ ತಾಣದಲ್ಲಿವೆ.

2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಕೈಕಾಲಿನ ಊನಕ್ಕೆ ಮಾತ್ರ ಎಂದು ತಿಳಿಯಬೇಡಿ. ಅದರ 21 ಸ್ಥಿತಿಗಳಲ್ಲಿ ಥಲಸ್ಸೀಮಿಯ, ಹಿಮೋಫಿಲಿಯ, ಸಿಕಲ್ ಸೆಲ್ ಕೂಡ ಸೇರಿವೆ. ಪ್ರಮಾಣಪತ್ರ ಸಿಕ್ಕರೆ, ಬರೆಯಲು ಕಷ್ಟವಿರುವವರಿಗೆ ಪರೀಕ್ಷೆಯಲ್ಲಿ ಗಂಟೆಗೆ 20 ನಿಮಿಷ ಹೆಚ್ಚು ಸಮಯ, ಬರೆಯುವ ಸಹಾಯಕ ಕೇಳಬಹುದು. ಸಿಬಿಎಸ್‌ಇ 2017ರಿಂದ ಟೈಪ್ 1 ಮಧುಮೇಹದ ಮಕ್ಕಳಿಗೆ ಪರೀಕ್ಷಾ ಕೋಣೆಗೆ ಸಕ್ಕರೆ ಮಾತ್ರೆ, ಹಣ್ಣು, ತಿಂಡಿ ಒಯ್ಯಲು ಬಿಟ್ಟಿದೆ. ನಿಮ್ಮ ಮಂಡಳಿ ಬೇರೆಯಾದರೆ ಅದೇ ಅನುಮತಿಯನ್ನು ಲಿಖಿತವಾಗಿ ಕೇಳಿ.

ಓದು ಬಿಟ್ಟು ಚಾಕಣ, ಭೋಸರಿ, ರಾಂಜಣಗಾಂವದ ಕಾರ್ಖಾನೆ ಸೇರಿದ ಹುಡುಗರ ಕಷ್ಟ ಬೇರೆ. ತಿಂಗಳ ಸಂಬಳ 21,000 ರೂಪಾಯಿಯೊಳಗಿದ್ದು ಇಎಸ್‌ಐ ಕಟ್ಟಿದ್ದರೆ ಬಿಬ್ವೇವಾಡಿಯ ಇಎಸ್‌ಐ ಆಸ್ಪತ್ರೆಯ ದಾರಿ ತೆರೆದಿದೆ. ರಜೆಯ ದಿನಗಳಿಗೆ ಸಂಬಳದ ಶೇ. 70ರಂತೆ ವರ್ಷಕ್ಕೆ 91 ದಿನದವರೆಗೆ ಹಣ ಬರುತ್ತದೆ, ಕ್ಷಯ, ಕ್ಯಾನ್ಸರಿನಂಥ ದೀರ್ಘ ಕಾಯಿಲೆಗೆ ನಿಯಮದಂತೆ ಇನ್ನೂ ಹೆಚ್ಚು. ಅಪ್ರೆಂಟಿಸ್ ಕಾಯ್ದೆಯಡಿ ಸೇರಿದವರಿಗೆ ಇದು ಅನ್ವಯಿಸದು. ಹಾಗಾಗಿ ಸೇರುವಾಗಲೇ ತಾನು ಅಪ್ರೆಂಟಿಸೋ ಕಾರ್ಮಿಕನೋ ಎಂದು ಕಾಗದ ನೋಡಿಕೊಳ್ಳಬೇಕು.

ಅದೇ ದಾರಿ ತುಳಿದವರು

ಡಾಕ್ಟರು ನೂರು ಸಲ ಹೇಳಿದ್ದಕ್ಕಿಂತ, ಅದೇ ರೋಗದಿಂದ ಎದ್ದು ಕಾಲೇಜಿಗೆ ಹೋಗುತ್ತಿರುವ ಇಪ್ಪತ್ತರ ಯುವಕನೊಬ್ಬ ಹಾಸಿಗೆಯ ಪಕ್ಕ ಕೂತು “ನನಗೂ ಹಿಂಗ ಆಗಿತ್ತು” ಎಂದದ್ದು ಮನಸ್ಸಿಗೆ ಇಳಿಯುತ್ತದೆ. 1986ರಲ್ಲಿ ಅನಿಲ್ ಮತ್ತು ಸುನಂದಾ ಅವಚಟ್ ದಂಪತಿ ಪುಣೆಯಲ್ಲಿ ಆರಂಭಿಸಿದ ಮುಕ್ತಾಂಗಣ ವ್ಯಸನಮುಕ್ತಿ ಕೇಂದ್ರದಲ್ಲಿ, ವ್ಯಸನ ಬಿಟ್ಟವರೇ ಕಾರ್ಯಕರ್ತರಾಗಿ ಹೊಸಬರ ಕೈ ಹಿಡಿಯುತ್ತಾರೆ. ಬಾಲ್ಯದಲ್ಲಿ ಕ್ಯಾನ್ಸರ್ ಗೆದ್ದವರ ‘ಉಗಮ್’ ಎಂಬ ಗುಂಪು 2009ರಲ್ಲಿ ಮುಂಬಯಿಯಲ್ಲಿ ಭಾರತೀಯ ಕ್ಯಾನ್ಸರ್ ಸೊಸೈಟಿಯ ಆಶ್ರಯದಲ್ಲಿ ಹುಟ್ಟಿತು. ಪುಣೆಯ ಜಹಾಂಗೀರ್ ಆಸ್ಪತ್ರೆಯಲ್ಲಿ ಟೈಪ್ 1 ಮಧುಮೇಹವಿರುವ ಮಕ್ಕಳದೇ ಬಳಗವಿದೆ. ಹಿಮೋಫಿಲಿಯ ಇರುವವರಿಗೆ ಪುಣೆಯಲ್ಲಿ ಸಂಘದ ಶಾಖೆ ಇದೆ. ಕನ್ನಡದಲ್ಲೇ ಮಾತು ಬೇಕೆಂದರೆ ದಾವಣಗೆರೆಯ ಕರ್ನಾಟಕ ಹಿಮೋಫಿಲಿಯ ಸೊಸೈಟಿ. ಅದನ್ನು ಕಟ್ಟಿ ಬೆಳೆಸಿದ ಡಾ. ಸುರೇಶ ಹನಗವಾಡಿ ಸ್ವತಃ ಹಿಮೋಫಿಲಿಯದೊಂದಿಗೆ ಬದುಕಿ ವೈದ್ಯರಾದವರು. ಅವರ ಬದುಕಿನ ಸಂಗತಿಯನ್ನು ಹುಡುಗನಿಗೆ ಹೇಳಿ.

ಹಳೆಯ ಗೆಳೆಯರನ್ನೂ ಕಳಕೊಳ್ಳಬಾರದು. ಫೋನನ್ನು ಕಸಿಯಬೇಡಿ, ಮಲಗುವ ಹೊತ್ತನ್ನು ಮಾತ್ರ ಒಟ್ಟಿಗೆ ನಿರ್ಧರಿಸಿ. ರಕ್ತದ ಬಿಳಿ ಕಣ ಕಡಿಮೆಯಿರುವ ದಿನಗಳಲ್ಲಿ ಭೇಟಿ ಬೇಡ ಎಂದರೆ ವಿಡಿಯೊ ಕರೆ ಸಾಕು. ಮತ್ತೆ, ದಯವಿಟ್ಟು, ಬೋಳು ತಲೆಯ ಮಗಳ ಫೋಟೊ ಹಾಕಿ ‘ಪ್ರಾರ್ಥಿಸಿ’ ಎಂದು ಊರ ಗುಂಪಿಗೆ ಕಳಿಸುವ ಮೊದಲು ಅವಳನ್ನು ಕೇಳಿ. ಬೇಡ ಎಂದರೆ ಬೇಡ.

ಮನಸ್ಸಿನ ವಿಷಯ ಮುಚ್ಚಿಡಬೇಡಿ

ಕೀಟನಾಶಕ ಕುಡಿದೋ ಮಾತ್ರೆ ನುಂಗಿಯೋ ತುರ್ತು ವಿಭಾಗಕ್ಕೆ ಬರುವ ಎಳೆಯರಿದ್ದಾರೆ. ಹೊಟ್ಟೆ ತೊಳೆದು, ನಾಲ್ಕು ದಿನ ಇಟ್ಟು, ಮನೆಯವರು ಅವಸರದಿಂದ ಬಿಡುಗಡೆ ಮಾಡಿಸಿಕೊಂಡು ಹೋಗುತ್ತಾರೆ. ಪೊಲೀಸರ ಭಯ, ಊರಿನವರ ಬಾಯಿಯ ಭಯ. 2017ರ ಮಾನಸಿಕ ಆರೋಗ್ಯ ಕಾಯ್ದೆಯ 115ನೇ ಕಲಮಿನ ಪ್ರಕಾರ ಅಂಥವರು ತೀವ್ರ ಒತ್ತಡದಲ್ಲಿದ್ದರೆಂದೇ ಭಾವಿಸಬೇಕು, ಶಿಕ್ಷಿಸುವಂತಿಲ್ಲ. ಮನೋವೈದ್ಯರು ಒಮ್ಮೆ ಕೂತು ಮಾತಾಡದೆ ಬಿಡುಗಡೆಗೆ ಒಪ್ಪಬೇಡಿ. ಊರಿಗೆ ಹೋದ ಮೇಲೆ ಔಷಧಿಯ ಡಬ್ಬಿಗಳನ್ನು ಬೀಗದಲ್ಲಿಡಿ, ಅವರನ್ನು ಒಂಟಿಯಾಗಿ ಬಿಡಬೇಡಿ, ಬೈಯಬೇಡಿ.

ಮಾನಸಿಕ ಕಾಯಿಲೆಗೆಂದೇ ಹದಿನೆಂಟರೊಳಗಿನವರನ್ನು ದಾಖಲಿಸಿದರೆ ಅದೇ ಕಾಯ್ದೆಯ 87ನೇ ಕಲಮಿನಂತೆ ಅವರನ್ನು ದೊಡ್ಡವರಿಂದ ಬೇರೆಯಾಗಿ, ವಯಸ್ಸಿಗೆ ತಕ್ಕ ವಾತಾವರಣದಲ್ಲಿ ಇಡಬೇಕು. ಮನೆಯವರೊಬ್ಬರು ಪೂರ್ತಿ ದಿನಗಳೂ ಜೊತೆಗಿರಬೇಕು. ಹುಡುಗಿಯಾದರೆ ಹೆಂಗಸೊಬ್ಬರು ಜೊತೆಗಿರಲೇಬೇಕು. ಮಾತಿಗೆ ಯಾರೂ ಸಿಗದ ರಾತ್ರಿ 14416ಕ್ಕೆ ಫೋನ್ ಮಾಡಿ. ಇದು 2022ರ ಅಕ್ಟೋಬರ್ 10ರಂದು ಆರಂಭವಾದ ಟೆಲಿ ಮನಸ್. ಬೆಂಗಳೂರಿನ ನಿಮ್ಹಾನ್ಸ್ ಅದರ ಮುಖ್ಯ ಕೇಂದ್ರ, ಉಚಿತ, ಹಗಲು ರಾತ್ರಿ. ಭಾಷೆಯ ಆಯ್ಕೆಯಲ್ಲಿ ಕನ್ನಡವೂ ಇದೆ. ಹುಡುಗನಿಗೆ ಈ ಸಂಖ್ಯೆಯನ್ನು ಅವನ ಫೋನಿನಲ್ಲೇ ಉಳಿಸಿಕೊಡಿ. ಹದಿನೆಂಟರೊಳಗಿನವರಿಗೆ ಯಾವುದೇ ಅಪಾಯವಿದ್ದರೆ 1098.

ಊರಿಗೆ ಹೊರಡುವಾಗ

ಡಿಸ್ಚಾರ್ಜ್ ಕಾರ್ಡು ಕೈಗೆ ಬಂದಾಗ ಅದನ್ನು ಹುಡುಗನಿಂದಲೇ ಓದಿಸಿ. ರೋಗದ ಹೆಸರು, ಮಾತ್ರೆಗಳ ಹೆಸರು, ಯಾವುದು ಅಲರ್ಜಿ, ಯಾವಾಗ ಓಡಿ ಬರಬೇಕು, ಇಷ್ಟು ಅವನ ಬಾಯಲ್ಲಿರಬೇಕು. ಮಕ್ಕಳ ವೈದ್ಯರಿಂದ ದೊಡ್ಡವರ ವೈದ್ಯರಿಗೆ ಹೋಗುವ ವಯಸ್ಸಿನಲ್ಲೇ ಚಿಕಿತ್ಸೆ ಬಿಟ್ಟುಹೋಗುವುದು ಹೆಚ್ಚು. ಫೈಲು ಅವ್ವನ ಚೀಲದಲ್ಲೇ ಉಳಿದು ಹುಡುಗ ಹಾಸ್ಟೆಲಿಗೆ ಹೋಗಿರುತ್ತಾನೆ. ಹದಿನಾಲ್ಕು, ಹದಿನೈದಕ್ಕೇ ಫೈಲು ಅವನ ಕೈಗೆ ಕೊಡುವುದನ್ನು ಶುರುಮಾಡಿ, ಪ್ರತಿ ಕಾಗದದ ಫೋಟೊ ತೆಗೆದಿಡಿ.

ರೈಲಿನಲ್ಲಿ ಕ್ಯಾನ್ಸರ್, ಥಲಸ್ಸೀಮಿಯ, ಹಿಮೋಫಿಲಿಯ, ಡಯಾಲಿಸಿಸ್, ಹೃದಯ ಶಸ್ತ್ರಚಿಕಿತ್ಸೆಯ ರೋಗಿಗೂ ಜೊತೆಗಿರುವ ಒಬ್ಬರಿಗೂ ಟಿಕೆಟ್ ರಿಯಾಯಿತಿ ಇದೆ. ಅದಕ್ಕೆ ನಿಗದಿತ ನಮೂನೆಯಲ್ಲಿ ವೈದ್ಯರ ಸಹಿ ಬೇಕು. ಬಿಡುಗಡೆಯ ದಿನದ ಗದ್ದಲದಲ್ಲಿ ಇದು ಮರೆತುಹೋಗುತ್ತದೆ, ಹಿಂದಿನ ದಿನವೇ ಮಾಡಿಸಿ. ಥಲಸ್ಸೀಮಿಯ, ಹಿಮೋಫಿಲಿಯದವರಿಗೆ ಸರಕಾರಿ ರಕ್ತಕೇಂದ್ರದಲ್ಲಿ ರಕ್ತ ಉಚಿತ, ಬದಲಿ ದಾನಿಯನ್ನು ತನ್ನಿ ಎಂದು ಒತ್ತಾಯಿಸುವಂತಿಲ್ಲ.

ಊರಿನ ಹತ್ತಿರ ಮಾತಾಡಲು ಜಾಗ ಬೇಕಲ್ಲ. 2014ರಲ್ಲಿ ಶುರುವಾದ ರಾಷ್ಟ್ರೀಯ ಕಿಶೋರ ಸ್ವಾಸ್ಥ್ಯ ಕಾರ್ಯಕ್ರಮದಡಿ 10ರಿಂದ 19ರ ವಯಸ್ಸಿನವರಿಗೆ ಸರಕಾರಿ ಆಸ್ಪತ್ರೆಗಳಲ್ಲಿ ಆಪ್ತಸಲಹೆಯ ಕ್ಲಿನಿಕ್‌ಗಳಿವೆ. ಕರ್ನಾಟಕದಲ್ಲಿ ಅದು ಸ್ನೇಹ ಕ್ಲಿನಿಕ್, ಮಹಾರಾಷ್ಟ್ರದಲ್ಲಿ ಮೈತ್ರಿ. ನಿಮ್ಹಾನ್ಸ್ ಮತ್ತು ಯುವ ಸಬಲೀಕರಣ ಇಲಾಖೆ ಸೇರಿ ನಡೆಸುವ ಯುವ ಸ್ಪಂದನ ಕೇಂದ್ರಗಳು ಕರ್ನಾಟಕದ ಜಿಲ್ಲೆಗಳಲ್ಲಿವೆ. ಅಲ್ಲಿ ತರಬೇತಾದ ಯುವ ಪರಿವರ್ತಕರು ಮಾತಾಡಿಸುತ್ತಾರೆ. ಪುಣೆಯ ವಾರ್ಡಿನಲ್ಲಿ ಕಾಣದ ಯುವಜನ ಕಾರ್ಯಕರ್ತರು ಕಲಬುರಗಿ, ವಿಜಯಪುರದಲ್ಲಿ ಹೀಗೆ ಸಿಗುತ್ತಾರೆ ಎಂಬುದು ನನಗೆ ನಿಜಕ್ಕೂ ಸಮಾಧಾನ ಕೊಡುವ ಸಂಗತಿ.

ಪುಣೆಯಲ್ಲಿರುವ ಕನ್ನಡದ ಯುವಕರಿಗೆ

ಹಿಂಜವಡಿಯ ಐಟಿ ಕಂಪನಿಗಳಲ್ಲಿ, ಇಲ್ಲಿನ ಕಾಲೇಜುಗಳಲ್ಲಿ ಕನ್ನಡ ಬಲ್ಲ ಯುವಕ ಯುವತಿಯರು ಸಾಕಷ್ಟಿದ್ದೀರಿ. ವಾರಕ್ಕೊಮ್ಮೆ ಒಂದು ಗಂಟೆ ಕೊಡುವುದಾದರೆ ನೇರ ವಾರ್ಡಿಗೆ ನುಗ್ಗದೆ ಸಮಾಜಸೇವಾ ವಿಭಾಗದಿಂದ ಲಿಖಿತ ಅನುಮತಿ ಪಡೆಯಿರಿ. ನೆಗಡಿಯಿದ್ದ ದಿನ ಹೋಗಬೇಡಿ. ಹದಿನೆಂಟರೊಳಗಿನವರ ಜೊತೆ ಪರದೆಯ ಹಿಂದೆ ಒಬ್ಬರೇ ಕೂರದೆ, ಸಿಸ್ಟರ್ ಕಣ್ಣಿಗೆ ಬೀಳುವಲ್ಲಿ ಕೂರಿ. ಫೋಟೊ ಬೇಡ, ಉಪದೇಶ ಬೇಡ, “ಎಲ್ಲಾ ಸರಿಹೋಗ್ತದ” ಎಂಬ ಭರವಸೆಯೂ ಬೇಡ. ಕ್ರಿಕೆಟ್, ಸಿನಿಮಾ, ಗಣಿತದ ಲೆಕ್ಕ, ಏನಾದರೂ ಸರಿ. ಮಾತಾಡಲು ಮನಸ್ಸಿಲ್ಲದ ದಿನ ಪಕ್ಕದಲ್ಲಿ ಸುಮ್ಮನೆ ಕೂತರೂ ಆಯಿತು. ಶನಿವಾರ ನಾಲ್ಕಕ್ಕೆ ಬರುತ್ತೇನೆ ಎಂದರೆ ನಾಲ್ಕಕ್ಕೆ ಬರಬೇಕು, ಆ ಹುಡುಗ ಮೂರೂವರೆಯಿಂದ ಬಾಗಿಲು ನೋಡುತ್ತಿರುತ್ತಾನೆ. ಪ್ರತಿ ವಾರ ಸಾಧ್ಯವಿಲ್ಲವೆಂದರೆ ಅದನ್ನೇ ಸಮಾಜಸೇವಾ ಅಧೀಕ್ಷಕರಿಗೆ ಹೇಳಿ. ವೈದ್ಯರ ಮಾತನ್ನು ಕನ್ನಡಕ್ಕೆ ತಿಳಿಸಲು, ಶಿವಾಜಿನಗರದ ಮಂಡಳಿ ಕಚೇರಿಯಲ್ಲಿ ಪರೀಕ್ಷೆಯ ವಿಷಯ ವಿಚಾರಿಸಲು, ಪಠ್ಯದ ಪುಟಗಳನ್ನು ಮುದ್ರಿಸಿ ಕೊಡಲು ಒಂದೇ ದಿನ ಬರುವವರೂ ಅವರಿಗೆ ಬೇಕು.